ಪಂಚಾಯತ್ ಗಣಕಯಂತ್ರದ ನೆಟ್‌ವರ್ಕ್ ಸೆಟ್ಟಿಂಗ್: ಶೆಲ್ ಸ್ಕ್ರಿಪ್ಟ್‌ನಲ್ಲಿ ಬರೆದಿಡುವ ಕ್ರಮ

"ನೆಟ್ ಇಲ್ಲ" ಎಂಬ ಉತ್ತರವನ್ನು ಕೇಳದ ಗ್ರಾಮ ಪಂಚಾಯತ್ ಸದಸ್ಯರು ಯಾರೂ ಇರಲಾರರು. ಮನೆ ತೆರಿಗೆ ಕಟ್ಟಲು ಬಂದವರಿಗೆ, ಇ-ಸ್ವತ್ತು ನಮೂನೆಗಾಗಿ ಅರ್ಜಿ ಹಾಕಿದವರಿಗೆ, ಬಾಪೂಜಿ ಸೇವಾ ಕೇಂದ್ರದ ಮುಂದೆ ನಿಂತವರಿಗೆ ಅದೇ ಉತ್ತರ ದೊರೆಯುತ್ತದೆ. ಅವರು ಮರಳಿ ಹೋಗುವಾಗ ದೂರು ಹೇಳುವುದು ತಮ್ಮ ವಾರ್ಡಿನ ಸದಸ್ಯರಲ್ಲಿ. ಹಣಕಾಸು ಆಯೋಗದ ಅನುದಾನದ ಪಾವತಿಯು ಇ-ಗ್ರಾಮಸ್ವರಾಜ್ ತಂತ್ರಾಂಶದ ಮೂಲಕವೇ ನಡೆಯಬೇಕಾಗಿರುವುದರಿಂದ ಗುತ್ತಿಗೆದಾರರ ಬಿಲ್ಲೂ ಅದೇ ಉತ್ತರದ ಹಿಂದೆ ನಿಲ್ಲುತ್ತದೆ. ಆದರೆ ಈ ಎರಡು ಪದಗಳ ಒಳಗೆ ನಾಲ್ಕು ಬೇರೆ ಬೇರೆ ದೋಷಗಳು ಅಡಗಿರಬಹುದು. ಒಂದನ್ನು ಕಚೇರಿಯ ಸಿಬ್ಬಂದಿಯೇ ಎರಡು ನಿಮಿಷದಲ್ಲಿ ಸರಿಪಡಿಸಬಹುದು, ಒಂದಕ್ಕೆ ಕೇಬಲ್ ಜೋಡಿಸುವವರು ಬರಬೇಕು, ಒಂದಕ್ಕೆ ಕಾಯುವುದಲ್ಲದೆ ಬೇರೆ ದಾರಿಯಿಲ್ಲ. ಯಾವುದೆಂದು ತಿಳಿಯದಿರುವಾಗ ಎಲ್ಲದಕ್ಕೂ ಒಬ್ಬ ತಂತ್ರಜ್ಞರನ್ನು ಕರೆಸಲಾಗುತ್ತದೆ, ಅವರು ಬಂದು ಹೋದ ವೋಚರು ಸಾಮಾನ್ಯ ಸಭೆಯ ಮುಂದೆ ಬರುತ್ತದೆ, ಸದಸ್ಯರು ಅದಕ್ಕೆ ಒಪ್ಪಿಗೆ ನೀಡುತ್ತಾರೆ. ಏನನ್ನು ಸರಿಪಡಿಸಲಾಯಿತು ಎಂಬುದು ಮಾತ್ರ ಯಾವ ಕಡತದಲ್ಲಿಯೂ ಇರುವುದಿಲ್ಲ.

ಪಂಚಾಯತ್ ನಿರ್ಣಯವನ್ನು ನಡವಳಿ ಪುಸ್ತಕದಲ್ಲಿ ಬರೆಯದೆ ಯಾರೋ ಒಬ್ಬರ ನೆನಪಿನಲ್ಲಿ ಇಟ್ಟುಕೊಳ್ಳಲು ನಾವು ಒಪ್ಪುವುದಿಲ್ಲ. ಗಣಕಯಂತ್ರದ ನೆಟ್‌ವರ್ಕ್ ಸೆಟ್ಟಿಂಗ್‌ಗಳ ವಿಷಯದಲ್ಲಿ ಮಾತ್ರ ಬಹುತೇಕ ಕಡೆ ಹಾಗೆಯೇ ನಡೆದಿದೆ. ಅವುಗಳನ್ನು ಬರೆದಿಡುವ, ಬರೆದದ್ದನ್ನೇ ಯಂತ್ರವು ಓದಿ ಜಾರಿಗೊಳಿಸುವಂತೆ ಮಾಡುವ ಸರಳ ಕ್ರಮವೊಂದಿದೆ. ಅದಕ್ಕೆ ಶೆಲ್ ಸ್ಕ್ರಿಪ್ಟ್ ಎಂದು ಹೆಸರು. ಸದಸ್ಯರು ಅದನ್ನು ತಾವೇ ಬರೆಯಬೇಕಾಗಿಲ್ಲ. ಆದರೆ ಅದರಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಕೇಳಿ ತಿಳಿಯುವಷ್ಟು ಪರಿಚಯ ಇರುವುದು ಅವಶ್ಯ.

ಯಾವ ಯಂತ್ರಕ್ಕೆ ಇದು ಅನ್ವಯ

ಪಂಚಾಯತ್ ಕಚೇರಿಯ ಗಣಕಯಂತ್ರಗಳು ಹೆಚ್ಚಾಗಿ ವಿಂಡೋಸ್ ವ್ಯವಸ್ಥೆಯಲ್ಲಿ ನಡೆಯುತ್ತವೆ. ಡಿಜಿಟಲ್ ಸಹಿಯ ಡಾಂಗಲ್ ಮತ್ತು ಅದರ ತಂತ್ರಾಂಶ ಅಲ್ಲಿ ತೊಡಕಿಲ್ಲದೆ ಕೆಲಸ ಮಾಡುವುದರಿಂದ ಪಾವತಿ ನಡೆಯುವ ಯಂತ್ರವನ್ನು ಸದ್ಯಕ್ಕೆ ಹಾಗೆಯೇ ಬಿಡುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಗ್ರಂಥಾಲಯಗಳ ಸ್ಥಿತಿ ಬೇರೆ. 2019ರಲ್ಲಿ ಗ್ರಾಮ ಪಂಚಾಯತ್ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದ ಬಳಿಕ ಅಲ್ಲಿಗೂ ಗಣಕಯಂತ್ರಗಳು ತಲುಪಿವೆ. ಅವುಗಳ ಜೊತೆಗೆ ಕಚೇರಿಯಿಂದ ಹೊರಬಿದ್ದ ಹಳೆಯ ಯಂತ್ರಗಳೂ ಕೆಲವೆಡೆ ಸೇರಿವೆ. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಭದ್ರತಾ ಪರಿಷ್ಕರಣೆ 2025ರ ಅಕ್ಟೋಬರ್ 14ರಂದು ಮುಗಿದಿದೆ, ಹಳೆಯ ಯಂತ್ರಗಳಲ್ಲಿ ಹಲವು ವಿಂಡೋಸ್ 11ಕ್ಕೆ ಅರ್ಹವಾಗಿಲ್ಲ. ಅವುಗಳನ್ನು ಗುಜರಿಗೆ ಹಾಕುವ ಮೊದಲು ಲಿನಕ್ಸ್ ವ್ಯವಸ್ಥೆಯನ್ನು ಅಳವಡಿಸಿ ನೋಡಬಹುದು. ಉಬುಂಟು 24.04 ಅಥವಾ ಅದರದೇ ಹಗುರ ರೂಪವಾದ ಲುಬುಂಟು 4 ಜಿಬಿ ಮೆಮೊರಿಯ ಯಂತ್ರದಲ್ಲಿಯೂ ನಡೆಯುತ್ತದೆ. ಪರವಾನಗಿ ಶುಲ್ಕವಿಲ್ಲ, ಕನ್ನಡ ಯೂನಿಕೋಡ್ ಬರವಣಿಗೆ ಅದರಲ್ಲೇ ಅಡಕವಾಗಿದೆ. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕೇರಳ ಸರ್ಕಾರದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್‌ನಲ್ಲಿಯೇ ಗಣಕ ಪಾಠ ಕಲಿಯುತ್ತಿರುವುದರಿಂದ ಇದು ನಮ್ಮ ಭಾಗಕ್ಕೆ ಅಪರಿಚಿತ ವಸ್ತುವೂ ಅಲ್ಲ.

ಹೆಸರಿನ ವಿಷಯ ಒಂದು ಮಾತು. ತೆಂಗಿನಕಾಯಿಯಲ್ಲಿ ತಿರುಳು, ಅದರ ಸುತ್ತ ಕರಟ ಇರುವಂತೆ, ಗಣಕ ವ್ಯವಸ್ಥೆಯ ಒಳಭಾಗವನ್ನು ತಿರುಳು ಎಂಬರ್ಥದ ಕರ್ನೆಲ್ ಎಂದೂ, ನಮ್ಮ ಆದೇಶವನ್ನು ಪಡೆದು ಅದಕ್ಕೆ ತಲುಪಿಸುವ ಹೊರಪದರವನ್ನು ಕರಟ ಎಂಬರ್ಥದ ಶೆಲ್ ಎಂದೂ ಕರೆಯಲಾಗಿದೆ. ಶೆಲ್‌ಗೆ ಒಂದೊಂದೇ ಆದೇಶವನ್ನು ಕೀಲಿಮಣೆಯಲ್ಲಿ ಒತ್ತಿ ಕೊಡಬಹುದು. ಅದೇ ಆದೇಶಗಳನ್ನು ಕ್ರಮವಾಗಿ ಒಂದು ಕಡತದಲ್ಲಿ ಬರೆದು, ಕಡತವನ್ನೇ ಓದಿ ನಡೆಸು ಎನ್ನಬಹುದು. ಎರಡನೆಯದೇ ಸ್ಕ್ರಿಪ್ಟ್. ಇಂದು ಲಿನಕ್ಸ್‌ನಲ್ಲಿ ಸಾಮಾನ್ಯವಾಗಿರುವ ಬ್ಯಾಷ್ ಎಂಬ ಶೆಲ್ 1989ರಷ್ಟು ಹಿಂದಿನದು. ಆಗ ಬರೆದ ಸರಳ ಸ್ಕ್ರಿಪ್ಟ್‌ಗಳಲ್ಲಿ ಬಹುಪಾಲು ಇಂದಿಗೂ ನಡೆಯುತ್ತವೆ. ತಂತ್ರಜ್ಞಾನ ವರ್ಷಕ್ಕೊಮ್ಮೆ ಬದಲಾಗುತ್ತದೆ, ಕಲಿತು ಫಲವೇನು ಎಂದು ಕೇಳುವವರಿಗೆ ಇದು ಉತ್ತರವಾದೀತು.

ನಾಲ್ಕು ಸೆಟ್ಟಿಂಗ್‌ಗಳು

ಮೊದಲನೆಯದು ಐಪಿ ವಿಳಾಸ. ಪಂಚಾಯತ್ ಮನೆ ಸಂಖ್ಯೆ 3-112 ಎಂದಿದ್ದರೆ 3 ಎಂಬುದು ವಾರ್ಡು, 112 ಎಂಬುದು ಮನೆ ಎಂದು ಸದಸ್ಯರಿಗೆ ಹೇಳಬೇಕಾಗಿಲ್ಲ. 192.168.1.20 ಎಂಬ ಐಪಿ ವಿಳಾಸವೂ ಹಾಗೆಯೇ. ಕಚೇರಿಯ ಒಳಜಾಲದಲ್ಲಿ ಸಾಮಾನ್ಯವಾಗಿ ಮೊದಲ ಮೂರು ಅಂಕೆಗಳು ವಾರ್ಡಿನಂತೆ ಎಲ್ಲ ಯಂತ್ರಗಳಿಗೂ ಒಂದೇ ಆಗಿರುತ್ತವೆ. ಕೊನೆಯ ಅಂಕೆ ಆಯಾ ಯಂತ್ರದ್ದು. ಎಲ್ಲಿಯವರೆಗೆ ವಾರ್ಡು, ಎಲ್ಲಿಂದ ಮನೆ ಎಂದು ತೋರಿಸುವುದು ಸಬ್‌ನೆಟ್ ಮಾಸ್ಕ್. ಅದನ್ನು 255.255.255.0 ಎಂದು ಅಥವಾ ಸಂಕ್ಷೇಪವಾಗಿ ಓರೆಗೆರೆ 24 ಎಂದು ಬರೆಯುತ್ತಾರೆ. ಈ ಅಳತೆಯಲ್ಲಿ ಒಂದು ಒಳಜಾಲದಲ್ಲಿ 254 ಯಂತ್ರಗಳಿಗೆ ವಿಳಾಸ ಕೊಡಬಹುದು, ನಮ್ಮ ಯಾವ ಪಂಚಾಯತಿಗೂ ಅದು ಸಾಲದೆ ಹೋಗದು.

ಗೋಳ್ತಮಜಲು, ಬಾಳ್ತಿಲ, ವೀರಕಂಬ ಪಂಚಾಯತ್‌ಗಳಲ್ಲಿ ಮೂರೂ ಕಡೆ 192.168.1.20 ಎಂಬ ಯಂತ್ರವಿದ್ದರೆ ಗೊಂದಲವಾಗದೇ ಎಂಬ ಪ್ರಶ್ನೆ ಬರಬಹುದು. ಆಗುವುದಿಲ್ಲ. 192.168ರಿಂದ ಆರಂಭವಾಗುವ ವಿಳಾಸಗಳನ್ನು ಒಳಜಾಲಗಳ ಖಾಸಗಿ ಬಳಕೆಗೆಂದೇ ಅಂತರರಾಷ್ಟ್ರೀಯ ಮಟ್ಟದಲ್ಲಿ ಮೀಸಲಿಡಲಾಗಿದೆ. ಮನೆ ಸಂಖ್ಯೆ 3-112 ಎಲ್ಲ ಗ್ರಾಮಗಳಲ್ಲಿಯೂ ಇದ್ದು, ಗ್ರಾಮದ ಹೊರಗೆ ಅದಷ್ಟೇ ಹೇಳಿದರೆ ಅರ್ಥವಿಲ್ಲದಂತೆ ಇವು. ಆದರೆ ಒಂದೇ ಗ್ರಾಮದಲ್ಲಿ ಎರಡು ಮನೆಗೆ ಒಂದೇ ಸಂಖ್ಯೆ ಕೊಟ್ಟರೆ ಅಂಚೆಯವರ ಪಾಡೇನು? ಒಂದು ಕಚೇರಿಯಲ್ಲಿ ಮುದ್ರಣ ಯಂತ್ರಕ್ಕೂ ಹೊಸ ಗಣಕಯಂತ್ರಕ್ಕೂ ಬಂದವರೊಬ್ಬರು ಒಂದೇ ವಿಳಾಸ ಕೊಟ್ಟು ಹೋಗಿದ್ದರು. ಎರಡನ್ನೂ ಏಕಕಾಲದಲ್ಲಿ ಚಾಲೂ ಮಾಡಿದಾಗ ಮಾತ್ರ ನೆಟ್ ಬಿಟ್ಟು ಬಿಟ್ಟು ಬರುತ್ತಿತ್ತು. ದೋಷ ಹುಡುಕಲು ವಾರಗಳು ಹಿಡಿದವು, ಕಾರಣ ಇಷ್ಟೇ: ಯಾವ ಯಂತ್ರಕ್ಕೆ ಯಾವ ಸಂಖ್ಯೆ ಎಂಬ ಪಟ್ಟಿ ಎಲ್ಲಿಯೂ ಇರಲಿಲ್ಲ.

ಎಲ್ಲ ಯಂತ್ರಗಳಿಗೂ ಕೈಯಿಂದ ಸಂಖ್ಯೆ ಕೊಡಬೇಕಾಗಿಯೂ ಇಲ್ಲ. ರೂಟರ್ ತಾನೇ ಬಂದ ಯಂತ್ರಗಳಿಗೆ ಸಂಖ್ಯೆ ಹಂಚುವ ಏರ್ಪಾಡಿದೆ, ಅದಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ಅನ್ನಸಂತರ್ಪಣೆಯ ಪಂಕ್ತಿಯಲ್ಲಿ ಬಂದವರಿಗೆ ಬಂದ ಕ್ರಮದಲ್ಲಿ ಎಲೆ ಸಿಗುವಂತೆ ಅದು. ಗ್ರಂಥಾಲಯಕ್ಕೆ ಬಂದು ಹೋಗುವ ಮೊಬೈಲುಗಳಿಗೆ ಅಷ್ಟೇ ಸಾಕು. ಮುದ್ರಣ ಯಂತ್ರ, ಎಲ್ಲರೂ ಕಡತ ಹಂಚಿಕೊಳ್ಳುವ ಗಣಕಯಂತ್ರ, ಸಿಸಿಟಿವಿ ಪೆಟ್ಟಿಗೆ ಇವುಗಳಿಗೆ ಮಾತ್ರ ಸ್ಥಿರ ಸಂಖ್ಯೆ ಬೇಕು, ಇಲ್ಲದಿದ್ದರೆ ಉಳಿದವು ಅವುಗಳನ್ನು ದಿನವೂ ಹುಡುಕಬೇಕಾಗುತ್ತದೆ. 2ರಿಂದ 99ರವರೆಗೆ ಸ್ಥಿರ, 100ರಿಂದ 200ರವರೆಗೆ ರೂಟರ್ ಹಂಚುವಂಥದ್ದು ಎಂದು ರೂಟರ್‌ನಲ್ಲಿಯೇ ಗಡಿ ಹಾಕಿದರೆ ಮೇಲೆ ಹೇಳಿದ ಜಗಳ ಬಹುಮಟ್ಟಿಗೆ ತಪ್ಪುತ್ತದೆ.

ಎರಡನೆಯ ಸೆಟ್ಟಿಂಗ್ ಗೇಟ್‌ವೇ, ಎಂದರೆ ಒಳಜಾಲದಿಂದ ಹೊರಹೋಗುವ ದ್ವಾರ. ಕಲ್ಲಡ್ಕದ ಒಳರಸ್ತೆಯ ಯಾವ ಮನೆಯಿಂದ ಹೊರಟರೂ ಮಂಗಳೂರಿಗೋ ಬೆಂಗಳೂರಿಗೋ ಹೋಗಬೇಕಾದರೆ ಮೊದಲು ರಾಷ್ಟ್ರೀಯ ಹೆದ್ದಾರಿ 75ಕ್ಕೆ ಬಂದು ಸೇರಬೇಕು. ಆ ಕೂಡುರಸ್ತೆಯ ಸ್ಥಾನದಲ್ಲಿ ರೂಟರ್ ಇದೆ. ಅದರ ವಿಳಾಸ ಬಹಳ ಕಡೆ 192.168.1.1 ಆಗಿರುತ್ತದೆ. ಈ ಒಂದು ಅಂಕೆ ತಪ್ಪಿದರೆ ಪಕ್ಕದ ಯಂತ್ರಕ್ಕೆ ಕಡತ ಕಳುಹಿಸಬಹುದು, ಮುದ್ರಿಸಬಹುದು, ಹೊರಜಗತ್ತು ಮಾತ್ರ ಸಿಗದು.

ಮೂರನೆಯದು ಡಿಎನ್‌ಎಸ್. ಯಂತ್ರಗಳಿಗೆ ಹೆಸರು ತಿಳಿಯದು, ಅಂಕೆ ಮಾತ್ರ ತಿಳಿಯುವುದು. ನಾವು ಜಾಲತಾಣದ ಹೆಸರನ್ನು ಒತ್ತಿದಾಗ ಅದರ ಅಂಕೆಯನ್ನು ಹುಡುಕಿಕೊಡುವ ಗಣಕಯಂತ್ರವೇ ಡಿಎನ್‌ಎಸ್ ಸರ್ವರ್. ಅಪರಿಚಿತರು ಪೇಟೆಯ ಅಂಗಡಿಯಲ್ಲಿ ಇಂಥವರ ಮನೆ ಎಲ್ಲಿ ಎಂದು ಕೇಳಿ ಮುಂದೆ ಹೋಗುವಂತೆ ನಮ್ಮ ಯಂತ್ರ ಪ್ರತಿಸಲ ಅದನ್ನು ಕೇಳುತ್ತದೆ. ಹಿಂದೆ ಜಗತ್ತಿನ ಎಲ್ಲ ಯಂತ್ರಗಳ ಹೆಸರು ಒಂದೇ ಪಟ್ಟಿಯಲ್ಲಿದ್ದು, ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಅದನ್ನು ಕೈಯಿಂದ ತಿದ್ದಲಾಗುತ್ತಿತ್ತು. ಪಟ್ಟಿ ಹಿಡಿತಕ್ಕೆ ಸಿಗದಷ್ಟು ಬೆಳೆದ ಮೇಲೆ 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಅವರು ಈಗಿನ ಹಂಚಿಕೆಯ ಕ್ರಮವನ್ನು ರೂಪಿಸಿದರು. ನಾಲ್ಕನೆಯದಾದ ಯಂತ್ರದ ಹೆಸರು ಬರಿಯ ಗುರುತಿಗಾಗಿ. ಆದರೂ ಎಲ್ಲ ಯಂತ್ರಗಳಿಗೂ ಅಂಗಡಿಯಿಂದ ಬಂದಾಗಿನ ಹೆಸರೇ ಉಳಿದಿದ್ದರೆ ದೋಷವಿರುವುದು ಯಾವುದರಲ್ಲಿ ಎಂದು ದೂರವಾಣಿಯಲ್ಲಿ ಹೇಳುವುದು ಕಷ್ಟ. ಗ್ರಂಥಾಲಯ-1, ಗ್ರಂಥಾಲಯ-2 ಎಂಬರ್ಥದ ಹೆಸರು ಸಾಕು. ಅದನ್ನು ಆಂಗ್ಲ ಸಣ್ಣಕ್ಷರ, ಅಂಕೆ, ಅಡ್ಡಗೆರೆಗಳಲ್ಲಿ ಮಾತ್ರ ಬರೆಯಬೇಕು.

ಸ್ಕ್ರಿಪ್ಟ್‌ನ ಸಾಲುಗಳು

ಕಡತದ ಆದೇಶಗಳು ಆಂಗ್ಲ ಲಿಪಿಯಲ್ಲಿರುತ್ತವೆ. ಅವುಗಳ ಅರ್ಥವನ್ನು ಬರುವ ಕ್ರಮದಲ್ಲಿಯೇ ಇಲ್ಲಿ ವಿವರಿಸಲಾಗಿದೆ.

ಮೊದಲ ಸಾಲು, ಈ ಕಡತವನ್ನು ಬ್ಯಾಷ್ ಓದಲಿ ಎನ್ನುತ್ತದೆ. ಬಳಿಕ ನಡೆಸುತ್ತಿರುವವರು ಆಡಳಿತಾಧಿಕಾರವುಳ್ಳ ಬಳಕೆದಾರರೇ ಎಂಬ ತಪಾಸಣೆ. ಅಲ್ಲವಾದರೆ ಕೆಲಸ ಅಲ್ಲಿಗೇ ನಿಲ್ಲಬೇಕು. ಅದರ ಕೆಳಗೆ ಯಂತ್ರದ ಹೆಸರು, ಐಪಿ ವಿಳಾಸ, ಗೇಟ್‌ವೇ, ಎರಡು ಡಿಎನ್‌ಎಸ್ ವಿಳಾಸಗಳು, ಸಮಯದ ಸರ್ವರ್ ಇಷ್ಟನ್ನೂ ಒಂದರ ಕೆಳಗೊಂದು ಬರೆದಿರಬೇಕು. ಬದಲಾಗುವಂಥ ವಿವರವೆಲ್ಲ ಕಡತದ ತಲೆಯಲ್ಲಿಯೇ ಇದ್ದರೆ ಎರಡನೆಯ ಯಂತ್ರಕ್ಕೆ ಅದೇ ಕಡತವನ್ನು ಬಳಸುವಾಗ ತಿದ್ದಬೇಕಾದುದು ಎರಡೇ ಸಾಲು: ಹೆಸರು ಮತ್ತು ವಿಳಾಸ. ಆದೇಶಗಳ ನಡುವೆ ಅಲ್ಲಲ್ಲಿ ಅಂಕೆಗಳನ್ನು ಹುದುಗಿಸಿಟ್ಟ ಸ್ಕ್ರಿಪ್ಟ್ ಕಂಡುಬಂದರೆ ತಿದ್ದಿ ಬರೆಯಲು ಹೇಳುವುದು ಉಚಿತ.

ಮುಂದಿನದು ಈಗಿರುವ ಸೆಟ್ಟಿಂಗ್‌ನ ನಕಲು. ಉಬುಂಟುವಿನಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಎಂಬ ಭಾಗವು ಸೆಟ್ಟಿಂಗ್‌ಗಳನ್ನು ನೋಡಿಕೊಳ್ಳುತ್ತದೆ, ಅದಕ್ಕೆ ಶೆಲ್‌ನಿಂದ ಆದೇಶ ಕೊಡುವ ಸಾಧನದ ಹೆಸರು ಎನ್‌ಎಂಸಿಎಲ್‌ಐ. ಅದರ ಮೂಲಕ ಹಳೆಯ ಸಂಪರ್ಕ ವಿವರವನ್ನು ದಿನಾಂಕದ ಹೆಸರಿನಲ್ಲಿ ನಕಲು ಮಾಡಿಡಬೇಕು, ಮತ್ತು ಆ ನಕಲು ಯಂತ್ರ ಚಾಲೂ ಆದಾಗ ತಾನಾಗಿಯೇ ಜಾರಿಗೆ ಬಾರದಂತೆ ಗುರುತು ಹಾಕಬೇಕು. ಎರಡನೆಯದನ್ನು ಮರೆತರೆ ಕೆಲವು ದಿನ ಹೊಸದು, ಕೆಲವು ದಿನ ಹಳೆಯದು ಜಾರಿಗೆ ಬಂದು ಹೊಸ ತಲೆನೋವು ಆರಂಭವಾಗುತ್ತದೆ. ಇಷ್ಟಾದ ಮೇಲೆ ಹೊಸ ವಿಳಾಸ, ಗೇಟ್‌ವೇ, ಡಿಎನ್‌ಎಸ್‌ಗಳನ್ನು ನಮೂದಿಸಿ, ವಿಳಾಸ ಹಂಚಿಕೆಯ ಬಗೆಯನ್ನು ಕೈಯಿಂದ ಕೊಟ್ಟದ್ದು ಎಂದು ಬದಲಿಸಿ, ಸಂಪರ್ಕವನ್ನು ಪುನಃ ಚಾಲೂ ಮಾಡಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಡಿಎನ್‌ಎಸ್ ವಿಳಾಸವನ್ನು "ಸೇರಿಸು" ಎಂದು ಆದೇಶಿಸಬಹುದು, "ಇಷ್ಟೇ ಇರಲಿ" ಎಂದೂ ಆದೇಶಿಸಬಹುದು. ಮೊದಲ ರೀತಿಯಲ್ಲಿ ಬರೆದ ಸ್ಕ್ರಿಪ್ಟ್, ಹಿಂದೆ ಇದ್ದ ವಿಳಾಸಗಳನ್ನು ಹಾಗೆಯೇ ಉಳಿಸಿಕೊಂಡು ಅವುಗಳ ಬಾಲಕ್ಕೆ ಹೊಸತನ್ನು ಅಂಟಿಸುತ್ತದೆ. ಎರಡನೆಯ ರೀತಿಯದನ್ನು ಒಂದು ಸಲ ನಡೆಸಿದರೂ ಹತ್ತು ಸಲ ನಡೆಸಿದರೂ ಫಲ ಒಂದೇ. ಗಾಬರಿಯಲ್ಲಿ ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದು ಮನುಷ್ಯಸಹಜವಾದುದರಿಂದ ಎರಡನೆಯ ರೀತಿಯನ್ನೇ ಆಯ್ದುಕೊಳ್ಳಬೇಕು.

ಚೌಕಚಿಹ್ನೆಯಿಂದ ಆರಂಭವಾಗುವ ಸಾಲುಗಳನ್ನು ಶೆಲ್ ಆದೇಶವೆಂದು ಎಣಿಸುವುದಿಲ್ಲ. ಅವು ಮನುಷ್ಯರಿಗಾಗಿ ಬರೆದ ಟಿಪ್ಪಣಿಗಳು, ಅವುಗಳನ್ನು ಕನ್ನಡದಲ್ಲಿಯೇ ಬರೆಯಬಹುದು. ಸದಸ್ಯರು ಪಟ್ಟುಹಿಡಿದು ಕೇಳಬೇಕಾದ ಅಂಶವಿದು. ಪ್ರತಿ ಆದೇಶದ ಮೇಲೆ ಏಕೆ, ಯಾವಾಗ, ಯಾರು ಎಂಬ ಒಂದು ಸಾಲು ಕನ್ನಡದಲ್ಲಿದ್ದರೆ ತಂತ್ರಜ್ಞರಲ್ಲದವರೂ ಆ ಕಡತವನ್ನು ನಡವಳಿಯನ್ನು ಓದಿದಂತೆ ಓದಬಹುದು. ಟಿಪ್ಪಣಿ ಯೂನಿಕೋಡ್‌ನಲ್ಲಿರಬೇಕು. ನುಡಿಯ ಹಳೆಯ ಅಕ್ಷರ ಸಂಕೇತದಲ್ಲಿ ಬರೆದರೆ ಇತರ ಯಂತ್ರದಲ್ಲಿ ಅದು ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಸಿದ್ಧಪಡಿಸಿದ ಕಡತದಲ್ಲಿ ಪ್ರತಿ ಸಾಲಿನ ಕೊನೆಗೂ ಕಣ್ಣಿಗೆ ಕಾಣದ ಹೆಚ್ಚುವರಿ ಗುರುತೊಂದು ಸೇರಿಕೊಂಡು ಬ್ಯಾಷ್ ಮೊದಲ ಸಾಲಿನಲ್ಲಿಯೇ ಮುಗ್ಗರಿಸುವುದೂ ಉಂಟು, ಆದ್ದರಿಂದ ತಿದ್ದುವ ಕೆಲಸ ಲಿನಕ್ಸ್ ಯಂತ್ರದಲ್ಲಿಯೇ ಆಗಲಿ.

ಎಲ್ಲಿ ತುಂಡಾಗಿದೆ ಎಂಬ ತಪಾಸಣೆ

ಪಂಚಾಯತಿಗೆ ನೇರ ಪ್ರಯೋಜನ ಇರುವುದು ಸ್ಕ್ರಿಪ್ಟ್‌ನ ಎರಡನೆಯ ಭಾಗದಿಂದ. ಸೆಟ್ಟಿಂಗ್ ಹಾಕಿದ ಬಳಿಕ ಅದು ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳಬೇಕು. ಇದೇ ಭಾಗವನ್ನು ಬೇರೆ ಕಡತವಾಗಿಯೂ ಇಟ್ಟುಕೊಂಡು ನೆಟ್ ನಿಂತಾಗಲೆಲ್ಲ ನಡೆಸಬಹುದು. ಅದು ಏನನ್ನೂ ಬದಲಿಸುವುದಿಲ್ಲವಾದ್ದರಿಂದ ಗ್ರಂಥಾಲಯ ಮೇಲ್ವಿಚಾರಕರೂ ನಿರ್ಭಯವಾಗಿ ನಡೆಸಬಹುದು.

ಮೊದಲ ಪ್ರಶ್ನೆ: ರೂಟರ್ ಮಾತನಾಡುತ್ತಿದೆಯೇ? ಪಿಂಗ್ ಎಂಬ ಆದೇಶ 192.168.1.1ಕ್ಕೆ ಸಣ್ಣ ಸಂದೇಶ ಕಳುಹಿಸಿ ಮರುಸಂದೇಶಕ್ಕಾಗಿ ಕಾಯುತ್ತದೆ. ಬಾರದಿದ್ದರೆ ದೋಷ ನಮ್ಮ ಕೋಣೆಯೊಳಗೇ ಇದೆ. ತಂತಿ ಸಡಿಲವಾಗಿರಬಹುದು, ಇಲಿ ಕಡಿದಿರಬಹುದು, ಸ್ವಿಚ್ ಪೆಟ್ಟಿಗೆಗೆ ವಿದ್ಯುತ್ ಇಲ್ಲದಿರಬಹುದು, ವಿಳಾಸ ತಪ್ಪಿರಬಹುದು. ಇದೀಗ ಹೊಸ ಸೆಟ್ಟಿಂಗ್ ಹಾಕಿದ್ದರೆ ಸ್ಕ್ರಿಪ್ಟ್ ತಾನಾಗಿಯೇ ಹಳೆಯ ನಕಲನ್ನು ಜಾರಿಗೆ ತರಬೇಕು. ಈ ಹಿಂತಿರುಗುವ ದಾರಿಯನ್ನು ಬರೆಯದ ಸ್ಕ್ರಿಪ್ಟನ್ನು ಕಚೇರಿಗೆ ತರಿಸಬಾರದು.

ಎರಡನೆಯ ಪ್ರಶ್ನೆ: ಹೊರಜಗತ್ತು ಸಿಗುತ್ತಿದೆಯೇ? ಇದಕ್ಕೆ ಹೆಸರನ್ನಲ್ಲ, ಅಂಕೆಯನ್ನೇ ಬಳಸಬೇಕು. ಉದಾಹರಣೆಗೆ ಗೂಗಲ್ ಸಂಸ್ಥೆಯ ಸಾರ್ವಜನಿಕ ಡಿಎನ್‌ಎಸ್ ಆಗಿರುವ 8.8.8.8. ರೂಟರ್ ಉತ್ತರಿಸಿ ಇದು ಉತ್ತರಿಸದಿದ್ದರೆ ದೋಷ ರೂಟರಿನಲ್ಲಿ ಅಥವಾ ಅದರ ಆಚೆ ಇದೆ. ಆಗ ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಯನ್ನು ನೋಡಬೇಕು. ಅದರಲ್ಲಿ ಎಲ್‌ಒಎಸ್ ಎಂದು ಗುರುತಿರುವ ದೀಪ ಕೆಂಪಾಗಿ ಉರಿಯುತ್ತಿದ್ದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ಕೇಬಲ್ ಎಲ್ಲೋ ತುಂಡಾಗಿರುವ ಸಂಭವವೇ ಹೆಚ್ಚು. ಕೇಂದ್ರ ಸಚಿವ ಸಂಪುಟ 2011ರ ಅಕ್ಟೋಬರ್ 25ರಂದು ಒಪ್ಪಿದ, ಈಗ ಭಾರತ್‌ನೆಟ್ ಎಂದು ಕರೆಯಲಾಗುವ ಯೋಜನೆಯು ಪ್ರತಿ ಗ್ರಾಮ ಪಂಚಾಯತಿಗೆ ಸೆಕೆಂಡಿಗೆ 100 ಮೆಗಾಬಿಟ್ ವೇಗವನ್ನು ಗುರಿಯಾಗಿಟ್ಟಿತ್ತು. ಆದರೆ ಆ ವೇಗ ಬರಬೇಕಾದುದು ನೆಲದಡಿಯ ಕೂದಲೆಳೆಯಂಥ ಗಾಜಿನ ನೂಲಿನಲ್ಲಿ. ಬಿ.ಸಿ.ರೋಡಿನಿಂದ ಅಡ್ಡಹೊಳೆಯವರೆಗೆ ಹೆದ್ದಾರಿ ಅಗಲವಾಗುವಾಗ, ಕಲ್ಲಡ್ಕದಲ್ಲಿ ಮೇಲ್ಸೇತುವೆ ಏಳುವಾಗ ರಸ್ತೆಬದಿಯ ನೆಲ ಎಷ್ಟು ಸಲ ಅಗೆಯಲ್ಪಟ್ಟಿತೆಂಬುದು ಈ ಭಾಗದವರಿಗೆಲ್ಲ ಗೊತ್ತು. ಕುಡಿಯುವ ನೀರಿನ ಪೈಪಿಗಾಗಿ ನಾವೇ ಅಗೆಯಿಸುವ ಕಡೆಯೂ ಅಪಾಯ ಅಷ್ಟೇ. ಜೆಸಿಬಿ ಇಳಿಸುವ ಮುನ್ನ ಕೇಬಲ್ ಹಾದುಹೋಗುವ ದಾರಿಯನ್ನು ವಿಚಾರಿಸುವುದು ವಾರ್ಡು ಸದಸ್ಯರಿಂದ ಆಗಬಹುದಾದ ಕೆಲಸ. ಇಂಥ ದೋಷಕ್ಕೆ ಗಣಕಯಂತ್ರ ದುರಸ್ತಿಯವರನ್ನು ಕರೆಸುವುದು ವ್ಯರ್ಥ, ಸೇವಾದಾರರಲ್ಲಿ ದೂರು ದಾಖಲಿಸಿ ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.

ಮೂರನೆಯ ಪ್ರಶ್ನೆ: ಹೆಸರಿಗೆ ಅಂಕೆ ಸಿಗುತ್ತಿದೆಯೇ? ಸಿಗದಿದ್ದರೆ ಕೇಬಲ್ ಸರಿಯಿದೆ, ಡಿಎನ್‌ಎಸ್ ಮಾತ್ರ ಕೆಟ್ಟಿದೆ. ಪಟ್ಟಿಯಲ್ಲಿರುವ ಎರಡನೆಯ ಡಿಎನ್‌ಎಸ್‌ಗೆ ಬದಲಿಸಿದರೆ ಸಾಕು. ಇಲ್ಲಿ ಸರ್ಕಾರಿ ಜಾಲತಾಣಕ್ಕೆ ಪಿಂಗ್ ಕಳುಹಿಸಿ ನೋಡುವ ಅಭ್ಯಾಸ ಕೆಲವರಲ್ಲಿದೆ. ಅದು ಸರಿಯಾದ ಪರೀಕ್ಷೆಯಲ್ಲ. ಹಲವು ಜಾಲತಾಣಗಳು ಭದ್ರತೆಯ ಕಾರಣದಿಂದ ಪಿಂಗ್‌ಗೆ ಉತ್ತರಿಸುವುದೇ ಇಲ್ಲ, ಅದರಿಂದ ಅವು ಕೆಟ್ಟಿವೆಯೆಂದು ಹೇಳಲಾಗದು. ಹೆಸರಿಗೆ ಅಂಕೆ ದೊರೆಯಿತೇ ಎಂದಷ್ಟೇ ನೋಡಬೇಕು.

ಮೂರಕ್ಕೂ ಹೌದೆಂಬ ಉತ್ತರ ಬಂದು, ಇತರ ತಾಣಗಳು ತೆರೆದು, ಪಂಚತಂತ್ರವೋ ಇ-ಸ್ವತ್ತೋ ಮಾತ್ರ ತೆರೆಯದಿದ್ದರೆ ತೊಂದರೆ ಬಹುಶಃ ಆಯಾ ತಂತ್ರಾಂಶದ ಸರ್ವರ್‌ನಲ್ಲಿದೆ. ನಮ್ಮಲ್ಲಿ ರಿಪೇರಿ ಮಾಡುವಂಥದ್ದು ಏನೂ ಇಲ್ಲ. ಇಂದು ಆಗದು, ನಾಳೆ ಬನ್ನಿ ಎಂದು ಹೇಳುವುದಾದರೂ ಸಾರ್ವಜನಿಕರಿಗೆ ಕಾರಣ ಸಹಿತ ಹೇಳಬಹುದು. ಸ್ಕ್ರಿಪ್ಟ್ ಪ್ರತಿಸಲ ನಡೆದಾಗ ದಿನಾಂಕ, ಗಂಟೆ, ಮೂರು ಉತ್ತರಗಳನ್ನು ಒಂದು ಕಡತಕ್ಕೆ ಸೇರಿಸುತ್ತಾ ಹೋದರೆ ತಿಂಗಳ ಕೊನೆಗೆ ಎಷ್ಟು ಸಲ ಕೇಬಲ್, ಎಷ್ಟು ಸಲ ಕೋಣೆಯ ತಂತಿ, ಎಷ್ಟು ಸಲ ಸರ್ವರ್ ಎಂಬ ಲೆಕ್ಕ ಕೈಗೆ ಬರುತ್ತದೆ. ವೋಚರಿನ ಜೊತೆ ಆ ಲೆಕ್ಕವನ್ನು ಸಭೆಗೆ ತರಿಸಿಕೊಳ್ಳುವ ಹಕ್ಕು ಸದಸ್ಯರದು. ಮೂರು ಸಲವೂ ಎಲ್‌ಒಎಸ್ ದೀಪ ಕೆಂಪಾಗಿದ್ದ ತಿಂಗಳಲ್ಲಿ "ಗಣಕಯಂತ್ರ ದುರಸ್ತಿ" ಎಂಬ ಮೂರು ವೋಚರುಗಳು ಬಂದಿದ್ದರೆ ವಿವರಣೆ ಕೇಳುವುದರಲ್ಲಿ ತಪ್ಪಿಲ್ಲ.

ಗಡಿಯಾರದ ಪ್ರಶ್ನೆ

ಹಳೆಯ ಯಂತ್ರಗಳಲ್ಲಿ ಬಹಳವಾಗಿ ಕಾಣುವ ಇನ್ನೊಂದು ತೊಂದರೆ ನೆಟ್‌ವರ್ಕಿನದೆಂದು ತೋರಿದರೂ ಗಡಿಯಾರದ್ದು. ಯಂತ್ರದೊಳಗೆ ನಾಣ್ಯದಾಕಾರದ ಸಣ್ಣ ಬ್ಯಾಟರಿ ಇದೆ, ವಿದ್ಯುತ್ ಇಲ್ಲದಾಗ ದಿನಾಂಕವನ್ನು ಕಾಯುವುದು ಅದೇ. ಕೆಲವು ವರ್ಷಗಳಲ್ಲಿ ಅದು ಮುಗಿಯುತ್ತದೆ. ಆಮೇಲೆ ಮಳೆಗಾಲದಲ್ಲಿ ವಿದ್ಯುತ್ ಹೋಗಿ ಬಂದಾಗಲೆಲ್ಲ ಯಂತ್ರ ಹಿಂದಿನ ಯಾವುದೋ ವರ್ಷಕ್ಕೆ ಮರಳಬಹುದು. ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಕ್ಕೆ ಆರಂಭದ ಮತ್ತು ಮುಕ್ತಾಯದ ದಿನಾಂಕಗಳಿರುವುದರಿಂದ, ಗಡಿಯಾರ ತಪ್ಪಿದ ಯಂತ್ರವು ಪ್ರತಿಯೊಂದು ತಾಣವನ್ನೂ ಸುರಕ್ಷಿತವಲ್ಲ ಎಂದು ತಡೆಯುತ್ತದೆ. ಮೇಲಿನ ಮೂರು ಪ್ರಶ್ನೆಗಳಿಗೂ ಹೌದೆಂಬ ಉತ್ತರ, ಆದರೂ ಒಂದು ಪುಟವೂ ತೆರೆಯದು! ಮೂಲೆಯ ದಿನಾಂಕದ ಕಡೆಗೆ ಕಣ್ಣು ಹಾಯಿಸುವುದು ಯಾರಿಗೂ ಹೊಳೆಯುವುದಿಲ್ಲ.

ಇದಕ್ಕೆ ಸ್ಕ್ರಿಪ್ಟ್‌ನಲ್ಲಿ ಎರಡು ಸಾಲು ಸಾಕು. ಕಾಲವಲಯವನ್ನು ಭಾರತೀಯ ಕಾಲಮಾನಕ್ಕೆ ನಿಗದಿಪಡಿಸುವುದು ಒಂದು, ಸಮಯವನ್ನು ನೆಟ್‌ವರ್ಕಿನಿಂದ ತಾನಾಗಿ ಪಡೆಯುವ ಎನ್‌ಟಿಪಿ ಏರ್ಪಾಡನ್ನು ಚಾಲೂ ಮಾಡುವುದು ಇನ್ನೊಂದು. ಯಾವ ಸರ್ವರ್‌ನಿಂದ ಪಡೆಯಬೇಕೆಂಬುದಕ್ಕೆ ಸರ್ಕಾರಿ ಸೂಚನೆಯೇ ಇದೆ. ಸರ್ಟ್-ಇನ್ ಎಂದು ಕರೆಯಲಾಗುವ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯು 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ, ಸರ್ಕಾರಿ ಸಂಸ್ಥೆಗಳೂ ಸೇರಿದಂತೆ ಎಲ್ಲರೂ ತಮ್ಮ ಗಣಕ ವ್ಯವಸ್ಥೆಗಳ ಗಡಿಯಾರವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಎಂದರೆ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗೆ, ಇಲ್ಲವೇ ಅವುಗಳಿಗೆ ಹೊಂದಿಸಿದ ಸರ್ವರ್‌ಗೆ ಹೊಂದಿಸಬೇಕೆಂದೂ, ದಾಖಲೆ ಕಡತಗಳನ್ನು 180 ದಿನ ಕಾಪಾಡಬೇಕೆಂದೂ ತಿಳಿಸಿದೆ. ಎನ್‌ಐಸಿಯ ಸರ್ವರ್‌ಗೆ ಸಮಯ್ ಎಂದೇ ಹೆಸರಿಟ್ಟಿರುವುದರಿಂದ ನೆನಪಿನಲ್ಲಿಡಲು ಕಷ್ಟವಿಲ್ಲ. ಹಾಗೆಂದು ಬ್ಯಾಟರಿ ಬದಲಿಸುವುದನ್ನು ಮರೆಯಬಾರದು, ಅದು ಕೆಲವೇ ಹತ್ತು ರೂಪಾಯಿಗಳ ವಸ್ತು.

ಒಂದು ಸಾಲಿನ ಅಪಾಯ

ಸ್ಕ್ರಿಪ್ಟ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾವಲು ಬೇಕಾದ ಸಾಲು ಡಿಎನ್‌ಎಸ್‌ನದು. ಪೇಟೆಯ ಅಂಗಡಿಯವರು ಬೇಕೆಂದೇ ತಪ್ಪು ದಾರಿ ತೋರಿಸಿದರೆ ಅಪರಿಚಿತರು ಎಲ್ಲಿಗೆ ಹೋಗಿ ಸೇರುವರೋ ಹೇಳಲಾಗದು. ಅದೇ ರೀತಿ, ಈ ಅಂಕೆಯನ್ನು ಬದಲಿಸಿದವರು ಬ್ಯಾಂಕಿನ ಹೆಸರು ಒತ್ತಿದ ನಮ್ಮನ್ನು ಬ್ಯಾಂಕಿನಂತೆಯೇ ಕಾಣುವ ಬೇರೊಂದು ಪುಟಕ್ಕೆ ಒಯ್ಯಬಲ್ಲರು. ಇದು ಕಲ್ಪನೆಯ ಮಾತಲ್ಲ. ಡಿಎನ್‌ಎಸ್ ಚೇಂಜರ್ ಎಂಬ ದುಷ್ಟ ತಂತ್ರಾಂಶ 100ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 40 ಲಕ್ಷ ಯಂತ್ರಗಳ ಇದೇ ಸಾಲನ್ನು ಬದಲಿಸಿತ್ತು. 2011ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಅದರ ಹಿಂದಿನವರ ಮೇಲೆ ಕ್ರಮ ಜರಗಿಸಿತು. ಆದರೆ ಆ ಸರ್ವರ್‌ಗಳನ್ನು ಒಮ್ಮೆಲೇ ಮುಚ್ಚಿದರೆ ಅವುಗಳನ್ನೇ ನೆಚ್ಚಿದ್ದ ಲಕ್ಷಾಂತರ ಯಂತ್ರಗಳಿಗೆ ಜಾಲವೇ ಸಿಗದಾಗುತ್ತಿತ್ತು. ಆದಕಾರಣ ಅವುಗಳ ಜಾಗದಲ್ಲಿ ಒಳ್ಳೆಯ ಸರ್ವರ್‌ಗಳನ್ನಿಟ್ಟು 2012ರ ಜುಲೈ 9ರವರೆಗೆ ನಡೆಸಬೇಕಾಯಿತು.

ಈ ಕಾರಣದಿಂದ ಅಂತರಜಾಲದಲ್ಲಿ ಸಿಕ್ಕಿದ ಸ್ಕ್ರಿಪ್ಟನ್ನು ಓದದೆ ಆಡಳಿತಾಧಿಕಾರದಲ್ಲಿ ನಡೆಸಬಾರದು. ಖಾಲಿ ಕಾಗದಕ್ಕೆ ಸಹಿ ಹಾಕಿಕೊಟ್ಟಂತೆ ಅದು. ಕಡತವನ್ನು ಎಲ್ಲರೂ ಓದಬಹುದು, ಆಡಳಿತಾಧಿಕಾರವುಳ್ಳವರು ಮಾತ್ರ ತಿದ್ದಬಹುದು ಎಂಬ ಅನುಮತಿಯನ್ನು ಲಿನಕ್ಸ್‌ನಲ್ಲಿ ಸುಲಭವಾಗಿ ಹಾಕಬಹುದು, ಹಾಕಲೇಬೇಕು. ಎಲ್ಲರೂ ಓದುವ ಕಡತದಲ್ಲಿ ವೈಫೈ ಗುಪ್ತಪದ, ಫೈಬರ್ ಸಂಪರ್ಕದ ಬಳಕೆದಾರ ಹೆಸರು ಮತ್ತು ಗುಪ್ತಪದಗಳನ್ನು ಬರೆಯುವಂತಿಲ್ಲ. ಅವು ಮೊಹರು ಮಾಡಿದ ಲಕೋಟೆಯಲ್ಲಿ ಕಚೇರಿಯ ತಿಜೋರಿಯಲ್ಲಿರಲಿ. ಸಿಡಿಲಿಗೆ ರೂಟರ್ ಸುಟ್ಟು ಹೊಸದನ್ನು ತಂದಾಗ ಆ ಲಕೋಟೆ ಇಲ್ಲದಿದ್ದರೆ ಸೇವಾದಾರರ ಕಚೇರಿಗೆ ಅಲೆಯುವುದು ತಪ್ಪದು.

ದೂರದಿಂದ ಪರದೆಯನ್ನು ಹಂಚಿಕೊಂಡು ಸರಿಪಡಿಸಿಕೊಡುತ್ತೇವೆ ಎನ್ನುವವರಿದ್ದಾರೆ. ಬೇರೆ ಕೆಲಸಕ್ಕೆ ಅದು ಸರಿ. ನೆಟ್‌ವರ್ಕ್ ಸೆಟ್ಟಿಂಗನ್ನು ಆ ರೀತಿ ಬದಲಿಸಹೋದರೆ ನಡುವೆ ಸಂಪರ್ಕವೇ ಕಡಿದು, ಕುಳಿತ ಕೊಂಬೆಯನ್ನು ಕಡಿದಂತಾಗುತ್ತದೆ. ಈ ಕೆಲಸಕ್ಕೆ ಯಂತ್ರದ ಮುಂದೆ ಒಬ್ಬರು ಕುಳಿತಿರಬೇಕು.

ಕಚೇರಿಯ ವಿಂಡೋಸ್ ಯಂತ್ರಗಳಿಗೂ ಇದೇ ಕ್ರಮ ಸಾಧ್ಯವಿದೆ. ಅಲ್ಲಿ ಶೆಲ್ ಸ್ಕ್ರಿಪ್ಟ್‌ನ ಸ್ಥಾನದಲ್ಲಿ ಪವರ್‌ಶೆಲ್ ಕಡತ ಇರುತ್ತದೆ. ಆದೇಶಗಳ ಹೆಸರು ಬೇರೆ, ನಾಲ್ಕು ಸೆಟ್ಟಿಂಗ್ ಮತ್ತು ಮೂರು ಪ್ರಶ್ನೆಗಳು ಅವೇ. ಪಾವತಿಯ ಯಂತ್ರದಲ್ಲಿ ಮೊದಲಿಗೆ ಏನನ್ನೂ ಬದಲಿಸದ ತಪಾಸಣೆಯ ಭಾಗವನ್ನಷ್ಟೇ ಬಳಸುವುದು ಕ್ಷೇಮ.

ಜಾರಿಯ ವಿಷಯದಲ್ಲಿ ಕೆಲವು ಮಾತು. ಯಂತ್ರಗಳ ಹೆಸರು, ವಿಳಾಸ, ಇರುವ ಕೋಣೆ ಇವಿಷ್ಟರ ಪಟ್ಟಿಯನ್ನು ಆಸ್ತಿ ವಹಿಯ ಜೊತೆಗೆ ಸೇರಿಸಬಹುದು. ಸ್ಕ್ರಿಪ್ಟ್‌ನ ಮುದ್ರಿತ ಪ್ರತಿಯೊಂದು ಕಚೇರಿ ಕಡತದಲ್ಲಿರಬೇಕು, ನೆಟ್ ಇಲ್ಲದ ದಿನವೇ ಅದು ಬೇಕಾಗುವುದರಿಂದ ಇಮೇಲ್‌ನಲ್ಲಿ ಮಾತ್ರ ಇಟ್ಟರೆ ಫಲವಿಲ್ಲ. ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿರಲಿ. ತಂತ್ರಜ್ಞರು ಏನನ್ನಾದರೂ ಬದಲಿಸಿದರೆ ಕಡತದಲ್ಲಿಯೂ ತಿದ್ದಿ, ಕನ್ನಡ ಟಿಪ್ಪಣಿ ಮತ್ತು ದಿನಾಂಕ ಹಾಕಿ, ಹೊಸ ಮುದ್ರಿತ ಪ್ರತಿಗೆ ಸಹಿ ಮಾಡಿಕೊಟ್ಟ ಮೇಲೆಯೇ ಅವರ ಬಿಲ್ಲು ಪಾಸಾಗಲಿ ಎಂದು ಸಭೆಯಲ್ಲಿ ನಿರ್ಣಯ ಮಾಡಿಕೊಳ್ಳಬಹುದು. ಪಿಡಿಒ, ಕಾರ್ಯದರ್ಶಿ, ಡಾಟಾ ಎಂಟ್ರಿ ಆಪರೇಟರ್ ಎಲ್ಲರೂ ವರ್ಗಾವಣೆಯಾಗುವವರು ಅಥವಾ ಬದಲಾಗುವವರು. ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಬೀರುವಿನ ಕೀಲಿಕೈಯನ್ನು ಬರೆಯುವಂತೆ ಈ ಪ್ರತಿಯನ್ನೂ, ಮೊಹರಾದ ಲಕೋಟೆಯನ್ನೂ ಬರೆಯಬೇಕು.

ತಪಾಸಣೆಗೆ ತಕ್ಕ ಕಾಲ ಮೇ ತಿಂಗಳು. ಮಳೆ ಹಿಡಿಯುವ ಮೊದಲು ಒಂದು ಮಧ್ಯಾಹ್ನ ಸ್ಕ್ರಿಪ್ಟನ್ನು ಎಲ್ಲ ಯಂತ್ರಗಳಲ್ಲಿ ನಡೆಸಿ ನೋಡಿ, ನಾಣ್ಯದ ಬ್ಯಾಟರಿಗಳನ್ನು ಬದಲಿಸಿ, ಸಿಡಿಲು ಬರುವಾಗ ರೂಟರಿನ ವಿದ್ಯುತ್ ಪ್ಲಗ್ ಜೊತೆಗೆ ಗಣಕಯಂತ್ರಗಳಿಗೆ ಹೋಗುವ ನೆಟ್‌ವರ್ಕ್ ತಂತಿಯನ್ನೂ ಕಳಚಿಡಬೇಕೆಂದು ಸಿಬ್ಬಂದಿಗೆ ತಿಳಿಸಬೇಕು. ಫೈಬರ್ ಗಾಜಿನದಾದುದರಿಂದ ಅದರ ಮೂಲಕ ಸಿಡಿಲು ಹರಿಯುವುದಿಲ್ಲ, ಆ ಎಳೆಯನ್ನು ಮಾತ್ರ ಕೈಯಿಂದ ಎಳೆಯದಂತೆ ನೋಡಿಕೊಂಡರೆ ಸಾಕು.